ಸಹಾಯ ಬೇಕು: ಸ್ಕ್ಯಾನ್ ಒಂದನ್ನೇ ನೋಡಿ ಪಿಸಿಓಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನ್ ತೊಂದರೆ) ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ನಮ್ಮಕ್ಕನ ಮಗಳಿಗೆ ಈಗ 17 ವರ್ಷ, ದೊಡ್ಡವಳಾಗಿ ನಾಲ್ಕು ವರ್ಷ ಆಯ್ತು. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತದೆ. ಮೊಡವೆ ಜಾಸ್ತಿ, ಗದ್ದದ ಮೇಲೆ ಕೂದಲೂ ಬಂದಿದೆ. ಇಲ್ಲೇ ಹಾಸನದ ಒಂದು ಕ್ಲಿನಿಕ್‌ನಲ್ಲಿ ಸ್ಕ್ಯಾನ್ ಮಾಡಿಸಿ, ಅಂಡಾಶಯದಲ್ಲಿ ನೀರುಗುಳ್ಳೆ ಇವೆ, ಇದು ಪಿಸಿಓಎಸ್ ಅಂತ ಹೇಳಿ ಹಾರ್ಮೋನ್ ಮಾತ್ರೆ ಬರೆದುಕೊಟ್ಟರು. ರಕ್ತಪರೀಕ್ಷೆ ಒಂದೂ ಮಾಡಿಸಲಿಲ್ಲ. ಮಾತ್ರೆ ಇನ್ನೂ ಶುರು ಮಾಡಿಲ್ಲ.

ನಾನು ಓದಿದ ಪ್ರಕಾರ ದೊಡ್ಡ ಹೆಂಗಸರಲ್ಲಾದರೆ ಮುಟ್ಟಿನ ಏರುಪೇರು, ಗಂಡು ಹಾರ್ಮೋನ್ ಹೆಚ್ಚಿರುವುದು, ಸ್ಕ್ಯಾನ್‌ನಲ್ಲಿ ಕಾಣುವ ಬದಲಾವಣೆ, ಈ ಮೂರರಲ್ಲಿ ಎರಡು ಇರಬೇಕು, ಜೊತೆಗೆ ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನ್) ತೊಂದರೆ ಇಲ್ಲ ಅಂತಲೂ ನೋಡಿಕೊಳ್ಳಬೇಕು. ಹದಿಹರೆಯದವರಿಗೆ ಮೊದಲೆರಡೂ ಇರಲೇಬೇಕಂತೆ. ಮೊದಲ ಮುಟ್ಟಾಗಿ 8 ವರ್ಷ ತುಂಬುವ ತನಕ ಸ್ಕ್ಯಾನ್ ನೋಡಿ ತೀರ್ಮಾನಿಸಬಾರದು ಅಂತ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ಆ ವಯಸ್ಸಲ್ಲಿ ಅಂತಹ ಗುಳ್ಳೆಗಳು ಕಾಣುವುದು ಸಾಮಾನ್ಯ ಅಲ್ವಾ?

ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಪ್ರೊಲ್ಯಾಕ್ಟಿನ್, ಟೆಸ್ಟೋಸ್ಟಿರಾನ್ (ಗಂಡು ಹಾರ್ಮೋನ್), ಸಕ್ಕರೆ ಪರೀಕ್ಷೆ ಬಿಟ್ಟು ಇನ್ನೇನು ಕೇಳಬೇಕು? ಮಾತ್ರೆ ಶುರು ಮಾಡುವ ಮೊದಲೇ ಇವನ್ನು ಮಾಡಿಸಿದರೆ ಒಳ್ಳೆಯದಾ? ಹಾಸನ ಅಥವಾ ಮೈಸೂರಿನಲ್ಲಿ ಸಮಾಧಾನವಾಗಿ ಮಾತಾಡುವ ಹಾರ್ಮೋನ್ ಡಾಕ್ಟರ್ ಗೊತ್ತಿದ್ದರೆ ಹೇಳಿ. ಮಕ್ಕಳಾಗಲ್ಲ ಅಂತ ನೆಂಟರು ಸುಮ್ನೆ ಹೆದರಿಸಿಬಿಟ್ಟಿದ್ದಾರೆ, ಹುಡುಗಿ ಸರಿಯಾಗಿ ಊಟ ಮಾಡುತ್ತಿಲ್ಲ. ಪಿಸಿಓಎಸ್ ಇದ್ದೂ ತಾಯಿಯಾದವರು ಇಲ್ಲಿದ್ದರೆ ದಯವಿಟ್ಟು ಅವಳಿಗಾಗಿ ಎರಡು ಸಾಲು ಬರೆಯಿರಿ, ನಾನೇ ಓದಿ ಹೇಳುತ್ತೇನೆ.