ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಎರಡನೆಯ ಪತ್ರಿಕೆ, ಸಮಾಜ ವಿಜ್ಞಾನ: ಡಯಟ್‌ನ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ) ನಿವೃತ್ತ ಉಪನ್ಯಾಸಕಿಯವರೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಆರರಿಂದ ಎಂಟನೆಯ ತರಗತಿಯವರೆಗೆ ಪಾಠ ಮಾಡುವವರು ಬರೆಯಬೇಕಾದ ಪತ್ರಿಕೆಯ ಬಗ್ಗೆ ಮೇಡಂ ಇಂದು ಉತ್ತರಿಸುತ್ತಾರೆ. ದಯವಿಟ್ಟು ಒಬ್ಬರು ಒಂದೇ ಪ್ರಶ್ನೆ ಕೇಳಿ.

ಸದಸ್ಯ, ಕೊಪ್ಪಳ: ಮೇಡಂ, ನಮಸ್ಕಾರ. ಅಂಕಗಳ ಹಂಚಿಕೆ ಹೇಗಿದೆ? ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆಯೇ?

ಮೇಡಂ: ನಮಸ್ಕಾರ. ಪ್ರಶ್ನೆಗಳು 150, ಅಂಕ 150, ಅವಧಿ ಎರಡೂವರೆ ಗಂಟೆ. ಶಿಶು ವಿಕಸನ ಮತ್ತು ಬೋಧನಾಶಾಸ್ತ್ರಕ್ಕೆ 30, ಎರಡು ಭಾಷೆಗಳಿಗೆ ತಲಾ 30, ಸಮಾಜ ವಿಜ್ಞಾನಕ್ಕೆ 60. ಸಾಮಾನ್ಯ ವರ್ಗದವರು 90 ಅಂಕ ಪಡೆಯಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ಶಿಕ್ಷಕಿ, ಗದಗ ಜಿಲ್ಲೆ: ಮೇಡಂ, ನನಗೆ 51 ವರ್ಷ. 22 ವರ್ಷಗಳಿಂದ ಅನುದಾನಿತ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಸೇವೆಯಲ್ಲಿರುವ ಶಿಕ್ಷಕರೂ ಟಿಇಟಿ ಪಾಸಾಗಬೇಕು ಎಂಬ ಸುಪ್ರೀಂ ಕೋರ್ಟಿನ ತೀರ್ಪು ಬಂದ ಮೇಲೆ ಪರೀಕ್ಷೆಗೆ ಕುಳಿತೆ, 84 ಬಂತು. ಸಮಾಜ ವಿಜ್ಞಾನದಲ್ಲಿ 41, ಪ್ರಥಮ ಭಾಷೆಯಲ್ಲಿ 20, ದ್ವಿತೀಯ ಭಾಷೆಯಲ್ಲಿ 12, ಶಿಶು ವಿಕಸನದಲ್ಲಿ 11. ಏಳನೆಯ ತರಗತಿಯ ಮಗು ರೇಖಾಂಶಗಳು ಒಂದಕ್ಕೊಂದು ಸಮಾನಾಂತರವಾಗಿವೆ ಎಂದು ಬರೆದರೆ ಶಿಕ್ಷಕರು ಮೊದಲು ಏನು ಮಾಡಬೇಕು ಎಂಬ ಪ್ರಶ್ನೆಯಿತ್ತು. ಪಾಠವನ್ನು ಮತ್ತೊಮ್ಮೆ ಮಾಡಬೇಕು ಎಂದು ಗುರುತಿಸಿದೆ. ಅದು ತಪ್ಪಂತೆ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ.

ಮೇಡಂ: ಅಮ್ಮಾ, ನಿಮ್ಮ ಅಂಕಗಳನ್ನು ಕಾಗದದ ಮೇಲೆ ಬರೆದುಕೊಂಡು ನೋಡಿದೆ. ನಿಮಗೆ ಇತಿಹಾಸ, ಭೂಗೋಳ ಬರುವುದಿಲ್ಲ ಎಂದು ಈ ಅಂಕಗಳು ಹೇಳುತ್ತಿಲ್ಲ. ಮೊದಲು ಅವಧಿಯ ವಿಷಯ ತಿಳಿದುಕೊಳ್ಳಿ. 2025ರ ಸೆಪ್ಟೆಂಬರ್ 1ರ ತೀರ್ಪಿನ ಪ್ರಕಾರ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವವರಿಗೆ ಪಾಸಾಗಲು ಅಂದಿನಿಂದ ಎರಡು ವರ್ಷಗಳ ಕಾಲಾವಕಾಶವಿದೆ. ನಿಮಗೆ ಒಂಬತ್ತು ವರ್ಷ ಉಳಿದಿದೆ, ಆದ್ದರಿಂದ ನೀವು ಬರೆಯಲೇಬೇಕು.

ಈಗ ಆ ಪ್ರಶ್ನೆಗೆ ಬರೋಣ. ಮಗು ಪಾಠ ಕೇಳದೆ ತಪ್ಪು ಬರೆದಿದೆ ಎಂದು ನೀವು ಭಾವಿಸಿದಿರಿ. ಆದರೆ ನಿಮ್ಮ ತರಗತಿಯ ಗೋಡೆಯ ಮೇಲಿರುವ ಪ್ರಪಂಚದ ನಕಾಶೆಯನ್ನೊಮ್ಮೆ ನೋಡಿ. ಅಂಥ ಅನೇಕ ನಕಾಶೆಗಳಲ್ಲಿ ರೇಖಾಂಶಗಳು ಕಿಟಕಿಯ ಸರಳುಗಳಂತೆ ನೆಟ್ಟಗೆ ನಿಂತಿರುತ್ತವೆ. ಮಗು ಕಂಡದ್ದನ್ನೇ ಬರೆದಿದೆ. ಅದೇ ನಕಾಶೆಯನ್ನು ತೂಗುಹಾಕಿ ಅದೇ ಪಾಠವನ್ನು ಮತ್ತೆ ಮಾಡಿದರೆ ತಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ. ಹೀಗೆ ಏಕೆ ಅನ್ನಿಸಿತು ಎಂದು ಮಗುವನ್ನೇ ಕೇಳುವುದು ಮೊದಲ ಹೆಜ್ಜೆ. ಅನಂತರ ಒಂದು ಮೂಸಂಬಿ ಸುಲಿದು ಕೈಗೆ ಕೊಡಿ. ತೊಳೆಗಳ ನಡುವಿನ ಗೆರೆಗಳು ನಡುವಿನಲ್ಲಿ ದೂರವಿದ್ದು ಎರಡೂ ತುದಿಗಳಲ್ಲಿ ಕೂಡುವುದನ್ನು ಅದು ತಾನೇ ಕಾಣುತ್ತದೆ. ಒಂದು ಡಿಗ್ರಿ ರೇಖಾಂಶದ ಅಂತರ ಸಮಭಾಜಕ ವೃತ್ತದಲ್ಲಿ ಸುಮಾರು 111 ಕಿಲೋಮೀಟರ್, ಧ್ರುವದಲ್ಲಿ ಸೊನ್ನೆ ಎಂಬುದನ್ನು ಆಮೇಲೆ ಹೇಳಿದರೆ ಆ ಅಂಕಿಗೆ ಅರ್ಥ ಬರುತ್ತದೆ. ಮನೋವಿಜ್ಞಾನಿ ಪಿಯಾಜೆ ಹೇಳುವ ಮೂರ್ತ ಕಾರ್ಯಾತ್ಮಕ ಹಂತ, ಅಂದರೆ ಕಣ್ಣೆದುರಿನ ವಸ್ತುಗಳ ನೆರವಿನಿಂದ ಯೋಚಿಸುವ ಹಂತ, ಸುಮಾರು ಏಳರಿಂದ ಹನ್ನೊಂದು ವರ್ಷದ್ದು. ಏಳನೆಯ ತರಗತಿಯ ಅನೇಕ ಮಕ್ಕಳು ಅದನ್ನು ಈಗಷ್ಟೇ ದಾಟುತ್ತಿರುತ್ತಾರೆ, ಅವರ ಕೈಗೆ ವಸ್ತು ಬೇಕು. ಈ ಪತ್ರಿಕೆಗೆ ಬೇಕಾದ ಮುಖ್ಯ ತಿಳಿವಳಿಕೆಯೇ ಇದು: ಮಗು ಹೇಗೆ ಯೋಚಿಸಿ ಆ ಉತ್ತರಕ್ಕೆ ಬಂತು ಎಂಬುದು. ನಿಮ್ಮ 22 ವರ್ಷಗಳ ಉತ್ತರಪತ್ರಿಕೆಗಳಲ್ಲಿ ನೀವು ಕಂಡ ತಪ್ಪುಗಳನ್ನು ನೆನಪಿಸಿಕೊಂಡು, ಒಂದೊಂದರ ಮುಂದೆಯೂ ಅದರ ಕಾರಣವನ್ನು ಬರೆಯಿರಿ. ಅದಕ್ಕಿಂತ ಒಳ್ಳೆಯ ಗೈಡನ್ನು ನಾನು ಕಂಡಿಲ್ಲ.

ಸದಸ್ಯೆ, ಬೀದರ್: ನಾನು ಎಂ.ಎ. ಮುಗಿಸಿ ಬಿ.ಇಡಿ. ಎರಡನೆಯ ವರ್ಷದಲ್ಲಿದ್ದೇನೆ. ಅರ್ಜಿ ಹಾಕಬಹುದೇ?

ಸದಸ್ಯ, ಶಿವಮೊಗ್ಗ: ಮೇಡಂ, ಕನ್ನಡದ ಅತ್ಯಂತ ಹಳೆಯ ಶಾಸನ ಯಾವುದು ಎಂದು ಕೇಳಿದರೆ ಹಲ್ಮಿಡಿ ಎನ್ನಬೇಕೇ, ತಾಳಗುಂದ ಎನ್ನಬೇಕೇ?

ಸದಸ್ಯ, ಹಾಸನ: ಹಲ್ಮಿಡಿ, ಸುಮಾರು ಕ್ರಿ.ಶ. 450. ಇದರಲ್ಲಿ ಕೇಳುವುದೇನಿದೆ?

ಸದಸ್ಯ, ಶಿವಮೊಗ್ಗ: ತಾಳಗುಂದದ ಪ್ರಣವೇಶ್ವರ ದೇವಾಲಯದ ಬಳಿ ಸಿಕ್ಕ ಸಿಂಹಕಟಾಂಜನ (ಸಿಂಹದ ಕೆತ್ತನೆಯ ಕಟಕಟೆಯ) ಶಾಸನವನ್ನು ಕ್ರಿ.ಶ. 370ರದ್ದೆಂದು ವಿದ್ವಾಂಸರು ಹೇಳಿದ್ದಾರೆ. ಓದಿಕೊಂಡು ಮಾತನಾಡಿ.

ಸದಸ್ಯ, ಹಾಸನ: ನಿಮ್ಮ ಜಿಲ್ಲೆಯ ಅಭಿಮಾನವನ್ನು ಪರೀಕ್ಷೆಗೆ ತರಬೇಡಿ.

ಸದಸ್ಯ, ಶಿವಮೊಗ್ಗ: ಹಲ್ಮಿಡಿ ಯಾವ ಜಿಲ್ಲೆಯಲ್ಲಿದೆ ಸ್ವಾಮಿ?

ಮೇಡಂ: ಇಬ್ಬರೂ ನಿಲ್ಲಿಸಿ. ಪರೀಕ್ಷೆಯಲ್ಲಿ ನಿಗದಿತ ಪಠ್ಯಪುಸ್ತಕದಲ್ಲಿರುವುದನ್ನು ಗುರುತಿಸಿ. ತರಗತಿಯಲ್ಲಿ ಎರಡನ್ನೂ ಮಕ್ಕಳ ಮುಂದಿಡಿ, ಏಕೆಂದರೆ ಹೊಸ ಆಧಾರ ಸಿಕ್ಕಾಗ ಇತಿಹಾಸದ ನಿರ್ಣಯ ಬದಲಾಗುತ್ತದೆ ಎಂಬುದನ್ನು ಕಲಿಸಲು ಇದು ಒಳ್ಳೆಯ ಉದಾಹರಣೆ.

ಸದಸ್ಯ, ಕಲಬುರಗಿ: ಪ್ರಮಾಣಪತ್ರಕ್ಕೆ ಏಳು ವರ್ಷ ಮಾತ್ರ ಮಾನ್ಯತೆಯೇ?

ಮೇಡಂ: ಅಲ್ಲ. ಆಜೀವ ಮಾನ್ಯತೆ. 2021ರಲ್ಲೇ ಬದಲಾಗಿದೆ.

ಸದಸ್ಯ, ವಿಜಯಪುರ: ವಾಟ್ಸಾಪಿನಲ್ಲಿ ಬಂದದ್ದನ್ನು ಎಲ್ಲರ ಅನುಕೂಲಕ್ಕೆ ಹಾಕಿದ್ದೇನೆ. 500 ಪ್ರಶ್ನೆಗಳ ಪಿಡಿಎಫ್, ನೂರಕ್ಕೆ ನೂರು ಗ್ಯಾರಂಟಿ. ಉತ್ತರ ಗೊತ್ತಿಲ್ಲದಿದ್ದರೆ ಮೂರನೆಯ ಆಯ್ಕೆಯನ್ನೇ ತುಂಬುತ್ತಾ ಹೋದರೆ ಪಾಸಾಗಬಹುದಂತೆ.

ಮೇಡಂ: ಇದನ್ನು ಈಗಲೇ ಅಳಿಸಿ. ಅದರ ಮೊದಲ ಪುಟದಲ್ಲೇ ಮೂರು ತಪ್ಪುಗಳಿವೆ. ಆಸ್ತಿಯ ಹಕ್ಕು ಮೂಲಭೂತ ಹಕ್ಕು ಎಂದಿದೆ. 1978ರ 44ನೆಯ ತಿದ್ದುಪಡಿ ಅದನ್ನು ತೆಗೆದು 300ಎ ವಿಧಿಗೆ ಸೇರಿಸಿತು. ಮೂಲಭೂತ ಕರ್ತವ್ಯಗಳು ಹತ್ತು ಎಂದಿದೆ. 2002ರ 86ನೆಯ ತಿದ್ದುಪಡಿಯಿಂದ ಹನ್ನೊಂದಾಗಿವೆ. ಮತದಾನದ ವಯಸ್ಸನ್ನು 18ಕ್ಕೆ ಇಳಿಸಿದ್ದು 42ನೆಯ ತಿದ್ದುಪಡಿ ಎಂದಿದೆ, ಅದು 61ನೆಯದು. ಇನ್ನು ಮೂರನೆಯ ಆಯ್ಕೆಯ ಲೆಕ್ಕ: ನಾಲ್ಕು ಆಯ್ಕೆಗಳಿರುವಾಗ ಎಲ್ಲಕ್ಕೂ ಒಂದನ್ನೇ ತುಂಬಿದರೆ 150ರಲ್ಲಿ ಸುಮಾರು 37 ಅಂಕ ಬರುತ್ತದೆ. ಬೇಕಾದದ್ದು 90. ಇದನ್ನು ನಂಬಿ ಕೆಲಸ ಕಳೆದುಕೊಳ್ಳುವವರು ನಮ್ಮವರೇ.

ಸದಸ್ಯ, ವಿಜಯಪುರ: ಒಳ್ಳೆಯ ಉದ್ದೇಶದಿಂದ ಹಾಕಿದೆ ಮೇಡಂ. ಇಷ್ಟು ಕಠಿಣವಾಗಿ ಹೇಳಬೇಕಿರಲಿಲ್ಲ.

ಸದಸ್ಯ, ಧಾರವಾಡ: ಇಪ್ಪತ್ತು ವರ್ಷ ಪಾಠ ಮಾಡಿದವರನ್ನು ಪರೀಕ್ಷೆಗೆ ಕೂರಿಸುವುದೇ ಅವಮಾನ. ಅದನ್ನು ಯಾರೂ ಮಾತನಾಡುವುದಿಲ್ಲ.

ಸದಸ್ಯೆ, ರಾಯಚೂರು: ಪಾಸಾಗಿಯೂ ನೇಮಕಾತಿಗಾಗಿ ಕಾಯುತ್ತಿರುವ ನಮ್ಮ ಅವಮಾನವನ್ನು ನೀವು ಎಂದಾದರೂ ಮಾತನಾಡಿದ್ದೀರಾ ಸರ್?

ಸದಸ್ಯ, ಧಾರವಾಡ: ಅನುಭವ ಬಂದ ಮೇಲೆ ನಿಮಗೆ ಅರ್ಥವಾಗುತ್ತದೆ.

ಸದಸ್ಯೆ, ರಾಯಚೂರು: ಅನುಭವಕ್ಕೆ ಮೊದಲು ನೇಮಕಾತಿಯಾಗಬೇಕಲ್ಲ?

ಸದಸ್ಯ, ಹಾವೇರಿ: ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆಯೇ ಮೇಡಂ?

ಮೇಡಂ: ಮೇಲೆ ಹೇಳಿದ್ದೇನೆ.

ಸದಸ್ಯೆ, ಬೀದರ್: ನನ್ನ ಪ್ರಶ್ನೆಗೆ ಉತ್ತರ ಸಿಗಲಿಲ್ಲ.

ಶಿಕ್ಷಕಿ, ಗದಗ ಜಿಲ್ಲೆ: ಮೇಡಂ, ಇಂದು ಮಧ್ಯಾಹ್ನ ಮೂಸಂಬಿ ಒಯ್ದು ಮಕ್ಕಳನ್ನು ಕೇಳಿದೆ. ಆರು ಮಕ್ಕಳು ಗೋಡೆಯ ನಕಾಶೆಯನ್ನೇ ತೋರಿಸಿದರು. ದ್ವಿತೀಯ ಭಾಷೆಯ 12 ಅಂಕಕ್ಕೆ ಏನು ಮಾಡಲಿ?

ಮೇಡಂ: ಅಲ್ಲಿಯೂ ಭಾಷೆ ಕಲಿಸುವ ಬಗೆಯ ಪ್ರಶ್ನೆಗಳಿವೆ, ನಿಮಗೆ ಅವೇ ಮೊದಲು ಕೈಗೆಟುಕುತ್ತವೆ. ಗದ್ಯಭಾಗಕ್ಕೆ ದಿನಕ್ಕೊಂದು ಹಳೆಯ ಪ್ರಶ್ನೆಪತ್ರಿಕೆಯ ಭಾಗ ಸಾಕು. ನೀವು ತಪ್ಪಾಗಿ ಗುರುತಿಸಿದ ಉಳಿದ ಪ್ರಶ್ನೆಗಳನ್ನೂ ನನಗೆ ಬರೆದು ಕಳಿಸಿ. ಇಲ್ಲಿ ಬೇಡ, ನೇರವಾಗಿ ಕಳಿಸಿ.