ಬಾಯಿ ಹೊಟ್ಟೆಯ ಕಡೆ ಇದ್ದರೆ ತೊರಕೆ ಮೀನು ಬೇಟೆ ಹಿಡಿಯೋದು ಹೇಗೆ?

ಸುಂಟಿಕೊಪ್ಪದವ:
ಕಾಫಿ ಕೊಯ್ಲು ಮುಗಿಸಿ ಮನೆಯವರ ಜೊತೆ ಲಕ್ಷದ್ವೀಪದ ಅಗತ್ತಿಗೆ ಹೋಗಿದ್ದೆ. ಮೊಣಕಾಲುದ್ದ ನೀರು, ಕೆಳಗೆ ಬಿಳಿ ಮರಳು. ಅಲ್ಲಲ್ಲಿ ಗುಂಡಿಗಳು, ಥೇಟ್ ನಮ್ಮ ತೋಟದಲ್ಲಿ ರಾತ್ರಿ ಕಾಡುಹಂದಿ ಕೆದಕಿ ಹೋದ ಹಾಗೆ. ತೊರಕೆ ಮಾಡಿದ್ದು ಅಂದ ದೋಣಿಯವನು. ಸ್ವಲ್ಪ ಮುಂದೆ ಒಂದು ಮಲಗಿಯೂ ಇತ್ತು, ಕಣ್ಣೆರಡು ಬಿಟ್ಟು ಮೈಯೆಲ್ಲ ಮರಳೊಳಗೆ. ಕಣ್ಣು ಬೆನ್ನ ಮೇಲೆ, ಬಾಯಿ ಅಡಿಯಲ್ಲಿ. ತಿನ್ನೋದು ಕಾಣದೆ ಹೇಗೆ ಹಿಡಿಯುತ್ತೆ ಮಾರಾಯ್ರೆ?

ನಿವೃತ್ತ ನಾವಿಕ, ಸಿದ್ದಾಪುರ:
ಕಾಣೋದೇ ಬೇಕಾಗಿಲ್ಲ. ಬಾಯಿಯ ಸುತ್ತ ಚರ್ಮದಲ್ಲಿ ಸಣ್ಣ ತೂತುಗಳು, ಒಳಗೆ ಲೋಳೆ ತುಂಬಿದ ಕೊಳವೆಗಳು. ಲೊರೆಂಜಿನಿ ಅಂಗ ಅಂತಾರೆ. ಮರಳಡಿ ಅಡಗಿದ ಏಡಿ, ಸೀಗಡಿ, ಹುಳದ ಮೈಯಿಂದ ಹೊರಡೋ ಸೂಕ್ಷ್ಮ ವಿದ್ಯುತ್ತು ಅದಕ್ಕೆ ತಿಳಿಯುತ್ತೆ. ಮೂಗೂ ಚುರುಕು. ಜಾಗ ಸಿಕ್ಕಿತೋ, ಕವುಚಿ ಕೂತು ರೆಕ್ಕೆ ಬಡಿದು, ಬಾಯಿಂದ ನೀರು ಚಿಮ್ಮಿಸಿ ಮರಳೆಬ್ಬಿಸುತ್ತೆ. ನೀವು ಕಂಡ ಗುಂಡಿ ಅದೇ. ಹಿಂದೆಯೇ ಬೇರೆ ಮೀನುಗಳು ಸುತ್ತುತ್ತಿರುತ್ತವೆ, ಬಿಟ್ಟಿ ಊಟ!

ಅಂಡಮಾನಿನಲ್ಲಿದ್ದಾಗ ನೀಲಿ ಚುಕ್ಕೆಯವನ್ನು ನೋಡ್ತಿದ್ದೆ. ಉಬ್ಬರ ಏರುವಾಗ ಗುಂಪುಗೂಡಿ ಮರಳಿನ ಕಡೆ ಮೇಯಲು ಬರ್ತವೆ, ಇಳಿತ ಶುರುವಾದ್ರೆ ಹವಳದ ಸಂದಿಗೆ ವಾಪಸ್. ಹೂತು ಮಲಗಿದಾಗ ಉಸಿರಾಟದ ನೀರು ಕಣ್ಣಿನ ಹಿಂದಿನ ತೂತಿಂದ, ಬಾಯಿಂದಲ್ಲ. ಇಲ್ಲಾಂದ್ರೆ ಕಿವಿರಿಗೆಲ್ಲ ಮರಳೇ.

ಗೋಣಿಕೊಪ್ಪದ ಅಕ್ಕ:
ಸಂತೆಗೆ ಕಣ್ಣೂರಿಂದ ತೊರಕೆ ಬಂದಾಗ ಮಗುಚಿ ನೋಡಿ ಅಣ್ಣ. ಬಾಯಿ, ಎರಡೂ ಬದಿ ಐದೈದು ಕಿವಿರು ಸೀಳು, ಎಲ್ಲ ಹೊಟ್ಟೆ ಕಡೆ. ಹಲ್ಲು ಕಚ್ಚೋ ಥರದ್ದಲ್ಲ, ಚಿಕ್ಕಚಿಕ್ಕವು ಒತ್ತಾಗಿ ಕೂತಿರ್ತವೆ, ಬೆರಳಾಡಿಸಿದ್ರೆ ತರಿತರಿ. ಏಡಿ ಚಿಪ್ಪು ಅರೆಯೋಕೆ ಅದೇ ಸಾಕು. ಬಾಲದ ಮುಳ್ಳು ನಮ್ಮ ಕಡೆ ಬರೋ ಹೊತ್ತಿಗೆ ಕತ್ತರಿಸಿರ್ತಾರೆ.

ಸುಂಟಿಕೊಪ್ಪದವ:
ಮಂಟಾ ಅನ್ನೋ ದೊಡ್ಡ ತೊರಕೆ ಜಾತಿಯೂ ಹೀಗೇನಾ? ಮುಂದಿನ ಸಲ ಅದನ್ನೇ ನೋಡ್ಬೇಕು ಅಂತ ಮಗನ ಹಠ.

ನಿವೃತ್ತ ನಾವಿಕ, ಸಿದ್ದಾಪುರ:
ಅದರ ದಾರಿಯೇ ಬೇರೆ. ತಳ ಕೆದಕಲ್ಲ. ತಲೆಯ ಮುಂದಿನ ಎರಡು ರೆಕ್ಕೆ ಬಿಚ್ಚಿ, ಬಾಯಿ ತೆರೆದು ಈಜ್ತಾ ಪ್ಲಾಂಕ್ಟನ್, ಅಂದ್ರೆ ನೀರಲ್ಲಿ ತೇಲೋ ಸಣ್ಣಪುಟ್ಟ ಜೀವಿಗಳನ್ನ ಸೋಸಿ ನುಂಗುತ್ತೆ. ದಟ್ಟವಾಗಿ ಸಿಕ್ರೆ ಅಲ್ಲೇ ಲಾಗ ಹಾಕುತ್ತೆ. ಹವಳದ ಹತ್ತಿರ ಬರೋದು ಸಣ್ಣ ಮೀನುಗಳಿಂದ ಮೈ ಶುಚಿ ಮಾಡಿಸಿಕೊಳ್ಳೋಕೂ ಹೌದು. ಚುಚ್ಚೋ ಮುಳ್ಳಿಲ್ಲ, ಹೆದರ್ಬೇಡಿ.

ಮರಳಲ್ಲಿ ನಡೆಯುವಾಗ ಮಾತ್ರ ಹೆಜ್ಜೆ ಎತ್ತಿಡದೆ ಕಾಲು ಎಳೀತಾ ಹೋಗ್ಲಿ, ತೊರಕೆ ತಾನೇ ಜಾಗ ಬಿಡುತ್ತೆ. ಮುಳ್ಳು ತಾಗಿದ್ರೆ ತಡ್ಕೊಳ್ಳುವಷ್ಟು ಬಿಸಿನೀರಲ್ಲಿ ಕಾಲಿಡಿಸಿ, ಆಮೇಲೆ ಸೀದಾ ಆಸ್ಪತ್ರೆಗೆ.