ಇಟ್ಟಿಗೆ ಕಾರಿನ ರೇಸ್: ಇಳಿಜಾರು ಸಾಕಾ, ಪರದೆಯೂ ಬೇಕಾ?

ಕೋಥ್ರೂಡ್ ಅಮ್ಮ
ಪುಣೆ ಕನ್ನಡಿಗರಿಗೆಲ್ಲ ನಮಸ್ಕಾರ. ನಮ್ಮ ಸೊಸೈಟಿಯ ಕನ್ನಡ ಮನೆಗಳೆಲ್ಲ ಸೇರಿ ಮಕ್ಕಳಿಗೆ ಒಂದು ಕಾರ್ ರೇಸ್ ಇಡಬೇಕು ಅಂತಿದ್ದೇವೆ. ಕ್ಯಾಲಿಫೋರ್ನಿಯಾದ ಲೆಗೋಲ್ಯಾಂಡ್ ಅನ್ನುವ ಮನರಂಜನಾ ಪಾರ್ಕಿನಲ್ಲಿ 2022ರಲ್ಲಿ ಫೆರಾರಿ ಹೆಸರಿನ ಒಂದು ವಿಭಾಗ ಶುರುವಾಯಿತು. ಅದನ್ನು ನೋಡಿ ಬಂದ ಆಸೆ ಇದು. ಅಲ್ಲಿ ಮಕ್ಕಳು ಲೆಗೋ ಅನ್ನುವ ಪ್ಲಾಸ್ಟಿಕ್ ಆಟಿಕೆ ಇಟ್ಟಿಗೆಯಿಂದ ಕಾರು ಜೋಡಿಸುತ್ತಾರೆ, ಇಳಿಜಾರಿನಲ್ಲಿ ಬಿಟ್ಟು ನೋಡುತ್ತಾರೆ. ಆಮೇಲೆ ಅದೇ ಕಾರನ್ನು ಸ್ಕ್ಯಾನ್ ಮಾಡಿ ಪರದೆಯ ಮೇಲೆ ಫಿಯೊರಾನೊ ಟ್ರ್ಯಾಕ್‌ನಲ್ಲಿ ಓಡಿಸುತ್ತಾರೆ. ಫಿಯೊರಾನೊ ಅಂದರೆ ಇಟಲಿಯಲ್ಲಿರುವ ಫೆರಾರಿಯದೇ ಪರೀಕ್ಷಾ ಟ್ರ್ಯಾಕ್. ನಮ್ಮಲ್ಲಿ ಅರ್ಧ ಜನ ಇಳಿಜಾರು ಸಾಕು ಅಂತಾರೆ. ಇನ್ನರ್ಧ ಜನಕ್ಕೆ ಪ್ರೊಜೆಕ್ಟರ್, ಗೇಮ್ ಎಲ್ಲ ಬೇಕು. ನೀವೇನಂತೀರಿ?

ವಾಕಡ್ ಐಟಿ
ಪರದೆ ಬೇಕೇ ಬೇಕು ಅಕ್ಕ. ಇಳಿಜಾರಿನಲ್ಲಿ ಕಾರು ಬಿಟ್ಟ ಮೇಲೆ ಮಗುವಿಗೆ ಕೆಲಸವೇ ಇಲ್ಲ, ಸುಮ್ನೆ ನೋಡುತ್ತಾ ನಿಲ್ಲಬೇಕು. ಪರದೆಯ ಮೇಲಾದರೆ ತಿರುವನ್ನು ಮಗುವೇ ತೆಗೆದುಕೊಳ್ಳುತ್ತದೆ. ಸಣ್ಣ ಮಕ್ಕಳ ಕಾರು ಅರ್ಧ ದಾರಿಯಲ್ಲೇ ಬಿಚ್ಚಿ ಬೀಳುತ್ತದೆ, ಅಲ್ವಾ? ಆ ಮಗುವೂ ರೇಸ್ ಮುಗಿಸಿ ಮನೆಗೆ ಹೋಗಬೇಕು.

ಚಿಂಚ್ವಡ್ ಮೆಕ್ಯಾನಿಕಲ್
ನಾನು ಒಪ್ಪುವುದಿಲ್ಲ ಸರ್. ಕಾರು ಯಾಕೆ ಬಿಚ್ಚಿತು, ಯಾಕೆ ನಿಂತಿತು ಅನ್ನುವುದೇ ಈ ಆಟದ ಜೀವ. ಮಗು ಇಟ್ಟಿಗೆಯನ್ನು ಚಕ್ರಕ್ಕೆ ಅಂಟಿಸಿದ ಹಾಗೆ ಕೂರಿಸಿದ್ದರೆ ಅದು ಉಜ್ಜುತ್ತದೆ, ಕಾರು ನಿಧಾನ ಆಗುತ್ತದೆ. ಆಕ್ಸಲ್, ಅಂದರೆ ಚಕ್ರದ ಅಚ್ಚು, ಸೊಟ್ಟ ಇದ್ದರೆ ಕಾರು ಪಕ್ಕದ ಅಂಚಿಗೆ ಹೋಗಿ ತಾಗುತ್ತದೆ. ಇಳಿಜಾರು ಇದನ್ನೆಲ್ಲ ಆ ಕ್ಷಣವೇ ತೋರಿಸುತ್ತದೆ. ಗೇಮ್‌ನಲ್ಲಿ ಬಣ್ಣ, ಆಕಾರ ಬರಬಹುದು. ಆ ಉಜ್ಜಾಟ ಬರುತ್ತದಾ?

ಮಕ್ಕಳಿಗೆ ಒಂದು ಲೆಕ್ಕ ಹೇಳಿಕೊಡಿ. ಒಂದು ಮೀಟರ್ ಎತ್ತರದಿಂದ ಇಳಿದ ಕಾರಿಗೆ ಯಾವ ತಡೆಯೂ ಇಲ್ಲ ಅಂತ ಇಟ್ಟುಕೊಂಡರೂ ಕೆಳಗೆ ಸಿಗುವ ವೇಗ ಸೆಕೆಂಡಿಗೆ ಸುಮಾರು 4.4 ಮೀಟರ್. ಗಂಟೆಗೆ 16 ಕಿಲೋಮೀಟರ್ ಹತ್ತಿರ. ಹಲಗೆ ಉದ್ದವಿರಲಿ, ಗಿಡ್ಡವಿರಲಿ, ಎತ್ತರ ಅಷ್ಟೇ ಇದ್ದರೆ ಇದಕ್ಕಿಂತ ಜಾಸ್ತಿ ಬರುವುದಿಲ್ಲ. ಅಂದಮೇಲೆ ಗೆಲ್ಲುವುದು ಎಂದರೆ ಈ 4.4ರಲ್ಲಿ ಕಡಿಮೆ ಕಳೆದುಕೊಳ್ಳುವುದು. ದೊಡ್ಡ, ಭಾರದ ಚಕ್ರ ಹಾಕಿದರೆ ಅವನ್ನು ತಿರುಗಿಸುವುದಕ್ಕೇ ಒಂದು ಪಾಲು ಹೋಗುತ್ತದೆ. ಮಕ್ಕಳು ಮಾತ್ರ ಹುಡುಕಿ ಹುಡುಕಿ ದೊಡ್ಡ ಚಕ್ರವನ್ನೇ ಹಾಕುತ್ತಾರೆ! ಹಾಕಲಿ. ಎರಡು ಸಲ ಸೋತ ಮೇಲೆ ತಾವೇ ಬದಲಿಸುತ್ತಾರೆ.

ವಾಕಡ್ ಐಟಿ
ಹಾಗಾದರೆ ಭಾರದ ಕಾರು ಬೇಗ ಹೋಗುತ್ತದೋ ಇಲ್ಲವೋ? ನನ್ನ ಮಗ ಇಟ್ಟಿಗೆ ತುಂಬಿಸಿದ್ದೇ ತುಂಬಿಸಿದ್ದು.

ಚಿಂಚ್ವಡ್ ಮೆಕ್ಯಾನಿಕಲ್
ತಡೆಯೇ ಇಲ್ಲದಿದ್ದರೆ ಭಾರದಿಂದ ವ್ಯತ್ಯಾಸ ಇಲ್ಲ. ಆದರೆ ಗಾಳಿ ಇದೆಯಲ್ಲ. ಒಂದೇ ಆಕಾರದ ಎರಡು ಕಾರು ಬಿಟ್ಟರೆ ಭಾರದ್ದನ್ನು ಗಾಳಿ ಅಷ್ಟು ತಡೆಯಲಾರದು. ಚಕ್ರ ತಿರುಗಿಸಲು ಹೋಗುವ ಪಾಲೂ ಅದರಲ್ಲಿ ಚಿಕ್ಕದು. ಹಾಗಾಗಿ ಸ್ವಲ್ಪ ಲಾಭ ಇದೆ. ನಿಮ್ಮ ಮಗನ ಯೋಚನೆ ತಪ್ಪಲ್ಲ. ಅವನು ಚಕ್ರ ಉಜ್ಜದ ಹಾಗೆ ತುಂಬಿಸಬೇಕು, ಅಷ್ಟೇ.

ಔಂಧ್ ಟೀಚರ್
ನನ್ನ ಪ್ರಶ್ನೆ ಬೇರೆ. ಲೆಗೋ ಯಾಕೆ ಬೇಕು? ನಾವಿರುವುದು ಅರವಿಂದ್ ಗುಪ್ತಾ ಅವರು ಕೆಲಸ ಮಾಡಿದ ಊರಿನಲ್ಲಿ. ಕಾನ್ಪುರ ಐಐಟಿಯಲ್ಲಿ ಓದಿ, ಪುಣೆಯ ಟೆಲ್ಕೋದಲ್ಲಿ (ಈಗಿನ ಟಾಟಾ ಮೋಟಾರ್ಸ್) ಲಾರಿ ತಯಾರಿಸುತ್ತಿದ್ದವರು. ಬೆಂಕಿಕಡ್ಡಿಗೆ ಸೈಕಲ್ ವಾಲ್ವ್ ಟ್ಯೂಬ್ ಸಿಕ್ಕಿಸಿ ಮಕ್ಕಳಿಗೆ ಆಕಾರ ಕಟ್ಟುವುದನ್ನು ಕಲಿಸಿದರು. ಆಮೇಲೆ ಇಲ್ಲೇ ಅಯೂಕಾ ಅನ್ನುವ ಖಗೋಳ ವಿಜ್ಞಾನ ಸಂಸ್ಥೆಯ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಕಸದಿಂದ ಆಟಿಕೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಬಂತು. ಬಾಟಲಿ ಮುಚ್ಚಳ, ರಟ್ಟು, ಖಾಲಿ ರೀಫಿಲ್ ಇದ್ದರೆ ಕಾರು ಆಗುತ್ತದೆ. ಮನೆಗೆಲಸದವರ ಮಕ್ಕಳನ್ನೂ ಕರೆಯುತ್ತೀರಿ ತಾನೇ? ಅವರು ಈ ದುಬಾರಿ ಇಟ್ಟಿಗೆಯನ್ನು ಅವತ್ತು ಮುಟ್ಟಿ, ಸಂಜೆ ವಾಪಸ್ ಕೊಟ್ಟು ಹೋಗಬೇಕಾ?

ಕೋಥ್ರೂಡ್ ಅಮ್ಮ
ಎಲ್ಲ ಮಕ್ಕಳನ್ನೂ ಕರೆಯುತ್ತೇವೆ ಟೀಚರ್. ಕಾರು ಮನೆಗೆ ಕೊಡುವ ವಿಷಯ ನನಗೆ ಹೊಳೆದೇ ಇರಲಿಲ್ಲ.

ಚಿಂಚ್ವಡ್ ಮೆಕ್ಯಾನಿಕಲ್
ಟೀಚರ್ ಮಾತಿಗೆ ನನ್ನ ಗೌರವ ಇದೆ. ಆದರೂ ಇಟ್ಟಿಗೆಯ ಪರವಾಗಿ ಒಂದು ಮಾತು. ರಟ್ಟಿಗೆ ಒಮ್ಮೆ ತೂತು ಹಾಕಿದರೆ ಮುಗಿಯಿತು. ಇಟ್ಟಿಗೆ ಕಾರನ್ನು ಎರಡು ನಿಮಿಷದಲ್ಲಿ ಬಿಚ್ಚಿ ಬೇರೆ ಥರ ಕಟ್ಟಬಹುದು. 1958ರಲ್ಲಿ ಪೇಟೆಂಟ್‌ಗೆ ಹಾಕಿದ ಜೋಡಣೆ ಇವತ್ತಿಗೂ ಅದೇ. ನಾಲ್ಕರ ಎರಡು ಸಾಲಿನಲ್ಲಿ ಎಂಟು ಗುಬುಟು ಇರುವ, ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು ಜೋಡಿಸಲು 91,51,03,765 ದಾರಿ ಇವೆ. ಸೋತ ಮಗುವಿಗೆ ಮತ್ತೆ ಮತ್ತೆ ಬದಲಿಸಿ ನೋಡುವ ಅವಕಾಶ ಸಿಗಬೇಕು.

ಬೆಳಗಾವಿ ಮೌಶಿ
ನೀವೆಲ್ಲ ದೊಡ್ಡ ದೊಡ್ಡ ಮಾತು ಆಡುತ್ತಿದ್ದೀರಿ. ಅಪ್ಪಂದಿರನ್ನು ದೂರ ಕೂರಿಸುವ ವ್ಯವಸ್ಥೆ ಏನ್ರೀ? ಅಮೆರಿಕದಲ್ಲಿ 1953ರಿಂದ ಸ್ಕೌಟ್ ಮಕ್ಕಳ ಪೈನ್‌ವುಡ್ ಡರ್ಬಿ ನಡೆಯುತ್ತಿದೆ. ಮರದ ತುಂಡಿನಿಂದ ಕಾರು ಕೆತ್ತಿ ಇಳಿಜಾರಿನಲ್ಲಿ ಬಿಡುವ ರೇಸ್. ಅಪ್ಪ-ಮಗ ಸೇರಿ ಮಾಡಲಿ ಅಂತ ಶುರುವಾದದ್ದು. ಕಾರು ಮಾಡುವುದು ಅಪ್ಪ, ಹಿಡಿದು ನಿಲ್ಲುವುದು ಮಗ ಎಂಬ ದೂರು ಅಲ್ಲಿಯೂ ಇದ್ದದ್ದೇ. ನಮ್ಮ ಬಿಲ್ಡಿಂಗಿನ ಗಣಪತಿ ಹಬ್ಬದ ಚಿತ್ರ ಸ್ಪರ್ಧೆಯಲ್ಲೂ ಅಪ್ಪ-ಅಮ್ಮಂದಿರ ಕೈ ನೋಡಿದ್ದೇನೆ. ಮೇಜಿನ ಹತ್ತಿರ ಮಕ್ಕಳು ಮಾತ್ರ ಇರಲಿ, ನಾವು ಹಗ್ಗದ ಆಚೆ.

ವಾಕಡ್ ಐಟಿ
ಮೌಶಿ ಮಾತು ನೂರಕ್ಕೆ ನೂರು ಸರಿ. ಪರದೆಯ ಆಸೆ ಮಾತ್ರ ನಾನು ಬಿಡುವುದಿಲ್ಲ. ಗೇಮ್ ಬೇಡ ಅಂದರೆ ಬೇಡ. ಓಟವನ್ನು ಫೋನಿನಲ್ಲಿ ಸ್ಲೋ ಮೋಷನ್ ತೆಗೆದು ಗೋಡೆಯ ಮೇಲೆ ತೋರಿಸೋಣ. ಯಾವ ಚಕ್ರ ಎಲ್ಲಿ ತಾಗಿತು ಅಂತ ಮಕ್ಕಳೇ ನೋಡಲಿ. ಪ್ರೊಜೆಕ್ಟರ್ ನಾನು ತರುತ್ತೇನೆ.

ಔಂಧ್ ಟೀಚರ್
ಇದು ಒಳ್ಳೆಯದು. ನನ್ನ ಷರತ್ತು ಒಂದೇ. ಇಟ್ಟಿಗೆಯ ಜೊತೆಗೆ ಮುಚ್ಚಳದ ಕಾರಿನ ಮೇಜೂ ಇರಲಿ. ಅದನ್ನು ಮಕ್ಕಳು ಮನೆಗೆ ಒಯ್ಯಲಿ.

ಕೋಥ್ರೂಡ್ ಅಮ್ಮ
ಆಯಿತು, ಎರಡು ಮೇಜು, ಒಂದು ಹಲಗೆ, ಮೌಶಿಯ ಹಗ್ಗ. ಬಹುಮಾನ ಯಾರಿಗೆ ಕೊಡುವುದು?

ಚಿಂಚ್ವಡ್ ಮೆಕ್ಯಾನಿಕಲ್
ಮೊದಲ ಓಟಕ್ಕಿಂತ ಕೊನೆಯ ಓಟದಲ್ಲಿ ಯಾರ ಸಮಯ ಜಾಸ್ತಿ ಕಡಿಮೆಯಾಯಿತೋ ಅವರಿಗೆ.

ಬೆಳಗಾವಿ ಮೌಶಿ
ಮೊದಲು ಬಂದ ಮಗುವಿಗೂ ಕೊಡಿ. ಅದೂ ಕಷ್ಟಪಟ್ಟಿರುತ್ತದೆ.